ಜಾಲಿಬನದಲ್ಲಿ ಕಲ್ಲಿಟ್ಟ ಗುಂಪಿಗಳು

ನಮ್ಮೂರ ಹಳ್ಳದ ದಂಡೆಯ ಜಾಲಿಬನದಲ್ಲಿ ಕಟ್ಟಿಗೆಯ ಗುಂಪಿಗಳು ಇನ್ನೂರ ಹದಿನಾಲ್ಕು ಇದ್ದವು. ಎಣಿಸಿದವನು ನಾನೇ. ಎರಡು ಸಲ ಎಣಿಸಿದೆ. ಎರಡೂ ಸಲ ಲೆಕ್ಕ ಕೂಡಿತು. ೧೯೮೮ರ ಮಾರ್ಚ್ ತಿಂಗಳ ಡೈರಿಯಲ್ಲಿ ಆ ಎಣಿಕೆ ಇನ್ನೂ ಇದೆ. ಆರು ವರ್ಷ ಕಳೆದ ಮೇಲೆ ತೆಗೆದು ನೋಡಿದರೂ ಅದರಲ್ಲಿ ಒಂದು ಅಂಕಿ ತಪ್ಪಿಲ್ಲ. ನಮ್ಮವ್ವನ ಖವಾದ ಒಲೆ ಆರಿದ್ದು ಆ ತಪ್ಪಿಲ್ಲದ ಲೆಕ್ಕದಿಂದ.

ರಾಯಬಾಗ ತಾಲೂಕಿನಲ್ಲಿ, ಹೊಳೆಗೆ ಹತ್ತಿರದ ಊರು ನಮ್ಮದು. ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಎರಡು ಎಮ್ಮೆ. ಅವ್ವ ನಮ್ಮ ಎಮ್ಮೆಗಳ ಹಾಲಿಗೆ ಓಣಿಯ ನಾಲ್ಕು ಮನೆಯ ಹಾಲು ಸೇರಿಸಿ, ಗಟ್ಟಿಯಾಗುವವರೆಗೆ ಬತ್ತಿಸಿ, ಖವಾ ಕಾಸುತ್ತಿದ್ದಳು. ಅದು ರಾಯಬಾಗದ ಒಂದು ಮಿಠಾಯಿ ಅಂಗಡಿಗೆ ಹೋಗುತ್ತಿತ್ತು. ಖವಾ ಕಾಸುವುದು ಉರಿಯ ಕೆಲಸವಲ್ಲ, ಕೆಂಡದ ಕೆಲಸ. ಉರಿ ಎದ್ದರೆ ಹಾಲು ತಳ ಹಿಡಿಯುತ್ತದೆ, ಸತ್ತರೆ ನೀರು ಆರುವುದಿಲ್ಲ. ಅದಕ್ಕೆ ಜಾಲಿಯ ಟೊಂಗೆಯೇ ಬೇಕು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪದ, ಚೆನ್ನಾಗಿ ಒಣಗಿದ ಟೊಂಗೆ. ಬೇರೆ ಯಾವ ಕಟ್ಟಿಗೆಯನ್ನೂ ಅವ್ವ ಕಡಾಯಿಯ ಕೆಳಗೆ ಇಡುತ್ತಿರಲಿಲ್ಲ.

ಜಾಲಿಬನ ಸರಕಾರದ್ದು. ಪ್ರತಿವರ್ಷ ದೀಪಾವಳಿಯ ನಂತರ ಅದರ ಒಂದು ಪಟ್ಟಿ ಹರಾಜಿಗೆ, ನಮ್ಮ ಮಾತಿನಲ್ಲಿ ಲಿಲಾವಿಗೆ, ಬರುತ್ತಿತ್ತು. ಹಿಡಿದ ಗುತ್ತಿಗೆದಾರ ಜನವರಿಯಲ್ಲಿ ಗಿಡ ಕಡಿಸಿ ಬೊಡ್ಡೆಗಳನ್ನು ಸಾಮಿಲ್ಲಿಗೆ ಸಾಗಿಸುತ್ತಿದ್ದ. ತೋಳಿನಷ್ಟು ದಪ್ಪ ಇದ್ದದ್ದೆಲ್ಲ ಅವನದು, ಅದಕ್ಕಿಂತ ಸಣ್ಣದು ಊರ ಹೆಂಗಸರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಗುತ್ತಿಗೆದಾರರು ಬದಲಾದರೂ ಮಾತು ಬದಲಾಗಿರಲಿಲ್ಲ. ಅವರಿಗೂ ಅನುಕೂಲವೇ ಇತ್ತು: ಟೊಂಗೆಯ ರಗಳೆಯನ್ನು ಹೆಂಗಸರೇ ಕುಡಗೋಲಿನಿಂದ ಸವರಿ ಬದಿಗೆ ಸರಿಸುತ್ತಿದ್ದರು.

ಸವರಿದ್ದನ್ನು ಅವರು ಕೂಡಲೇ ಮನೆಗೆ ಒಯ್ಯುತ್ತಿರಲಿಲ್ಲ. ಹಸಿ ಜಾಲಿ ಹೊತ್ತರೆ ಕುತ್ತಿಗೆ ಮುರಿಯುತ್ತದೆ. ಅಲ್ಲಿಯೇ ಬನದಲ್ಲಿ, ಕೆಳಗೆ ಎರಡು ಗಟ್ಟಿ ಕೊರಡು ಇಟ್ಟು, ಅದರ ಮೇಲೆ ಬುಡವೆಲ್ಲ ಪಡುವಣ ಗಾಳಿಗೆ ಬರುವಂತೆ ಟೊಂಗೆ ಒಟ್ಟಿ, ಯುಗಾದಿಗೆ ಒಮ್ಮೆ ಮಗುಚಿ ಹಾಕಿ, ಜೂನಿನ ಮಿರಗದ ಮಳೆ ಬೀಳುವ ಮೊದಲು ತಲೆಹೊರೆಯ ಮೇಲೆ ಮನೆಗೆ ತರುತ್ತಿದ್ದರು. ನಾಲ್ಕು ತಿಂಗಳು ಕಟ್ಟಿಗೆ ಬಯಲಲ್ಲಿ ಬಿದ್ದಿರುತ್ತಿತ್ತು. ಕಾವಲು ಇರಲಿಲ್ಲ. ಪ್ರತಿ ಗುಂಪಿಯ ನೆತ್ತಿಯ ಮೇಲೆ ಒಂದು ಕಲ್ಲು ಇರುತ್ತಿತ್ತು, ಅಷ್ಟೇ. ಕಲ್ಲಿದ್ದರೆ ಅದು ಯಾರೋ ಒಬ್ಬಾಕೆಯದು. ಅವ್ವ ಇಡುತ್ತಿದ್ದದ್ದು ಒಡೆದ ಬೀಸುಕಲ್ಲಿನ ಚೂರುಗಳು. ಬಾಜೂ ಮನೆಯಾಕೆ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದಳು. ಯಾವ ಕಲ್ಲು ಯಾರದೆಂದು ಊರ ಹೆಂಗಸರಿಗೆಲ್ಲ ಗೊತ್ತಿತ್ತು.

ಹೋಳಿಯ ದಿನಗಳಲ್ಲಿ ನಮ್ಮ ಕಡೆ ಕಟ್ಟಿಗೆ ಕದಿಯುವುದು ಹುಡುಗರ ಹಕ್ಕು. ಕಾಮಣ್ಣನ ಬೆಂಕಿಗೆಂದು ಬಂಡಿಯ ನೊಗ, ಮುರಿದ ಹೊರಸು, ಬಾಗಿಲ ಹಲಗೆ, ಸಿಕ್ಕಿದ್ದೆಲ್ಲ ಹೋಗುತ್ತದೆ. ಬೈಯುತ್ತಾರೆ, ಆದರೆ ಮರಳಿ ಕೇಳುವುದಿಲ್ಲ. ನಾನೂ ಒಂದು ವರ್ಷ ನಮ್ಮ ಕನ್ನಡ ಶಾಲೆಯ ಮಾಸ್ತರರ ಬಚ್ಚಲಿನ ಬಾಗಿಲು ಹೊತ್ತವರಲ್ಲಿ ಒಬ್ಬ. ಆದರೆ ಕಲ್ಲಿಟ್ಟ ಗುಂಪಿಗೆ ಹೋಳಿಯ ಹುಡುಗರೂ ಕೈ ಹಚ್ಚುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ನಾನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು.

ಆಗ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಎಂಟನೆಯ ಇಯತ್ತೆಯಿಂದ ಡೈರಿ ಬರೆಯುವ ರೂಢಿ ಇತ್ತು. ಯಾವ ದಿನ ಎಷ್ಟು ಹೊತ್ತು ಕರೆಂಟ್ ಇತ್ತು, ಎಮ್ಮೆ ಎಷ್ಟು ಹಾಲು ಕೊಟ್ಟಿತು, ಎಂಟರ ಬಸ್ಸು ಎಷ್ಟು ತಡವಾಯಿತು, ಇಂಥವು. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು, ಇದು ನನ್ನ ನಿಯಮ. ಆ ನಿಯಮದ ಬಗ್ಗೆ ನನಗೆ ಸಣ್ಣ ಗರ್ವವೂ ಇತ್ತು.

ಊರಿನ ನೀರಾವರಿ ಸಂಘದ ಚೇರಮನ್ನರಿಗೆ ಈ ರೂಢಿ ಗೊತ್ತಿತ್ತು. ಸಂಘದವರು ಹೊಳೆಯಿಂದ ನೀರೆತ್ತಿ ಪೈಪಿನಲ್ಲಿ ಕಬ್ಬಿನ ಹೊಲಗಳಿಗೆ ಬಿಡುತ್ತಿದ್ದರು. ಕರೆಂಟ್ ಹೋದಾಗ ಡೀಸೆಲ್ ಇಂಜಿನ್ ಹಚ್ಚಬೇಕು. ಡೀಸೆಲ್ಲಿನ ಬದಲು ಕಟ್ಟಿಗೆಯ ಗ್ಯಾಸಿನಿಂದ ಅದೇ ಇಂಜಿನ್ ಓಡಿಸಬಹುದೆಂದು ಹೇಳುತ್ತ ಆ ವರ್ಷ ಪಟ್ಟಣದಿಂದ ಒಬ್ಬ ಸರಕಾರಿ ಇಂಜಿನಿಯರು ಬಂದರು. ಆಳೆತ್ತರದ ಉಕ್ಕಿನ ಡ್ರಮ್ಮು. ಮೇಲಿನಿಂದ ಕಟ್ಟಿಗೆಯ ತುಂಡು ಸುರಿಯುವುದು. ಒಳಗೆ ಗಾಳಿ ಸಾಕಷ್ಟು ಬಿಡದೆ ಅದನ್ನು ಅರೆಬರೆ ಸುಡುವುದು. ಹೊರಬಂದ ಹೊಗೆಯನ್ನು ನೀರಿನಲ್ಲಿ ತಣಿಸಿ, ಸೋಸಿ, ಇಂಜಿನ್ನಿಗೆ ಕೊಡುವುದು. ಕಾಡು ಕಡಿದಲ್ಲೆಲ್ಲ ಟೊಂಗೆ, ಚಕ್ಕೆ, ತೊಗಟೆ ಸುಮ್ಮನೆ ಕೊಳೆತು ಹೋಗುತ್ತದೆ, ಅದರಲ್ಲಿ ಎಷ್ಟು ಶಕ್ತಿ ಇದೆ ಗೊತ್ತೇ, ಎಂದು ಅವರು ಸಂಘದ ಕಟ್ಟೆಯ ಮೇಲೆ ಕೂತು ಹೇಳಿದ್ದು ನನಗೆ ಬಹಳ ಹಿಡಿಸಿತ್ತು. ಒಳ್ಳೆಯ ಮನುಷ್ಯ. ನನ್ನನ್ನು ಬಹುವಚನದಲ್ಲಿ ಕರೆದ ಮೊದಲನೆಯವರು ಅವರೇ. ಮೊದಲು ಇಲ್ಲಿ ಎಷ್ಟು ಕಟ್ಟಿಗೆ ವ್ಯರ್ಥವಾಗುತ್ತದೆ ಎಂಬ ಲೆಕ್ಕ ಬೇಕು ಎಂದರು. ಚೇರಮನ್ನರು ನನ್ನನ್ನು ತೋರಿಸಿದರು.

ಮಾರ್ಚ್ ಹದಿನಾಲ್ಕರಿಂದ ಹದಿನೇಳು. ಒಂದು ಸ್ಪ್ರಿಂಗ್ ತಕ್ಕಡಿ, ಅದನ್ನು ತೂಗುಹಾಕಲು ಮೂರು ಗಳ, ಅಚ್ಚು ಹಾಕಿದ ಫಾರ್ಮುಗಳು. ಎಲ್ಲ ಗುಂಪಿಯನ್ನು ಎಣಿಸಬೇಕು, ಹತ್ತಕ್ಕೊಂದರಂತೆ ತೂಗಬೇಕು. ಇಪ್ಪತ್ತೊಂದು ಗುಂಪಿ ತೂಗಿದೆ. ಪ್ರತಿ ಸಲ ಮೇಲಿನ ಕಲ್ಲು ತೆಗೆದು ಕೆಳಗಿಟ್ಟು, ಕಟ್ಟಿಗೆಗೆ ಹಗ್ಗ ಕಟ್ಟಿ ತೂಗಿ, ಮತ್ತೆ ಮೊದಲಿನಂತೆ ಒಟ್ಟಿ, ಕಲ್ಲು ಇಟ್ಟೆ. ಕಲ್ಲಿನ ಭಾರ ಲೆಕ್ಕದಲ್ಲಿ ಸೇರಿಬಿಟ್ಟರೆ ತಪ್ಪಾಗುತ್ತದಲ್ಲ!

ಎರಡನೆಯ ದಿನ ಅವ್ವನ ಗುಂಪಿಯೇ ಹತ್ತನೆಯದಾಗಿ ಬಂತು. ಅವಳು ಅಲ್ಲಿಯೇ ಟೊಂಗೆ ಸವರುತ್ತಿದ್ದಳು. ಏನು ಮಾಡುತ್ತಿದ್ದೀ ಎಂದು ಕೇಳಿದಳು. ಸರಕಾರದ ಲೆಕ್ಕ ಎಂದೆ. ಮಗ ಸರಕಾರದ ಲೆಕ್ಕ ಮಾಡುತ್ತಿದ್ದಾನೆ ಎಂಬ ಸಂತೋಷದಲ್ಲಿ ಕುಡಗೋಲು ಸೊಂಟಕ್ಕೆ ಸಿಗಿಸಿ ಬಂದು, ತಾನೂ ಒಂದು ಕಡೆ ಹಗ್ಗ ಹಿಡಿದು ಗುಂಪಿಯನ್ನು ಕೊಕ್ಕೆಗೆ ಎತ್ತಿಕೊಟ್ಟಳು.

ಫಾರ್ಮಿನಲ್ಲಿ ಮೂರು ಕಾಲಮ್ಮುಗಳಿದ್ದವು: ಮಾರಾಟವಾದದ್ದು, ಮನೆಬಳಕೆಗೆ ಒಯ್ದದ್ದು, ಬಳಕೆಯಾಗದೆ ಉಳಿದದ್ದು. ಹದಿನೇಳರ ಸಂಜೆ ನನಗೆ ಅನುಮಾನ ಬಂತು. ಇಂಜಿನಿಯರ ಹತ್ತಿರ ಹೋಗಿ, ಈ ಕಟ್ಟಿಗೆಯನ್ನು ಹೆಂಗಸರು ಮಿರಗದ ಹೊತ್ತಿಗೆ ಮನೆಗೆ ಒಯ್ಯುತ್ತಾರೆ ಎಂದು ಹೇಳಿದೆ.

"ಈಗ ಒಯ್ದಿದ್ದಾರೆಯೇ?" ಎಂದರು.

"ಇಲ್ರಿ. ಇನ್ನೂ ಒಣಗಬೇಕ್ರಿ."

"ಹಾಗಾದರೆ ಇವತ್ತು ಏನು ಕಾಣುತ್ತದೋ ಅದನ್ನು ಬರೆಯಿರಿ. ಮುಂದೆ ಆಗುವುದನ್ನು ಬರೆದರೆ ಅದು ಲೆಕ್ಕವಲ್ಲ, ಊಹೆ."

ನನ್ನದೇ ನಿಯಮವನ್ನು ನನಗಿಂತ ಚೆನ್ನಾಗಿ ಹೇಳಿದ್ದರು. ಮೂರನೆಯ ಕಾಲಮ್ಮಿನಲ್ಲಿ ಇನ್ನೂರ ಹದಿನಾಲ್ಕು ಎಂದು ಬರೆದು, ಮೊದಲ ಎರಡರಲ್ಲಿ ಸೊನ್ನೆ ಹಾಕಿ, ಕೆಳಗೆ ಸಹಿ ಮಾಡಿದೆ. ಫಾರ್ಮು ಚೇರಮನ್ನರ ಕೈಗೆ ಹೋಯಿತು. ಅವರ ತಾಯಿಯೂ ಒಂದು ಕಾಲಕ್ಕೆ ಆ ಬನದಲ್ಲಿ ಕಲ್ಲಿಟ್ಟವರು. ಓದಿ, ಅಕ್ಷರ ಚೆಂದ ಇವೆ ಎಂದಷ್ಟೇ ಅಂದರು.

ಮೇ ಕೊನೆಯ ವಾರದಿಂದ ಹೆಂಗಸರು ಹೊರೆ ಹೊರತೊಡಗಿದರು. ಜೂನ್ ಐದರ ಡೈರಿಯಲ್ಲಿ ನಾನೇ ಬರೆದಿದ್ದೇನೆ: "ಬನದಲ್ಲಿ ಉಳಿದ ಗುಂಪಿ: ಸೊನ್ನೆ." ಅಂದರೆ ಫಾರ್ಮಿನ ಲೆಕ್ಕ ಸುಳ್ಳೆಂದು ಆ ದಿನ ನನ್ನ ಕಣ್ಣಿಗೇ ಕಂಡಿತ್ತು. ಹಳೆಯ ಫಾರ್ಮು ತಿದ್ದಿಸಬೇಕೆಂದು ಸಂಘಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಗ್ಯಾಸಿನ ಇಂಜಿನ್ ಬಂದರೆ ಅದರ ಲೆಕ್ಕ ಬರೆಯುವ ನೌಕರಿ ನಿನಗೇ ಎಂದು ಚೇರಮನ್ನರು ಆಗಲೇ ಹೇಳಿದ್ದರು. ಡೈರಿಯಲ್ಲಿ ಆ ಸೊನ್ನೆಯ ಕೆಳಗೆ ಗೆರೆ ಎಳೆದು, ಮರುದಿನದ ಮಳೆ ಎಷ್ಟೆಂದು ಬರೆದೆ.

ಮರುವರ್ಷ, ೧೯೮೯ರ ಏಪ್ರಿಲ್. ಡ್ರಮ್ಮು ಬಂದು ಹೊಳೆದಂಡೆಯ ಪಂಪಿನ ಮನೆಯಲ್ಲಿ ಕೂತಿತ್ತು. ಬನದಲ್ಲಿ ವಾಡಿಕೆಯಂತೆ ಕಡಿತವಾಗಿ, ವಾಡಿಕೆಯಂತೆ ಗುಂಪಿಗಳು ಎದ್ದಿದ್ದವು. ಬಳಕೆಯಾಗದೆ ಉಳಿಯುವ ಕಟ್ಟಿಗೆಯನ್ನು ಇಂಜಿನ್ನಿಗೆ ಒಯ್ಯಲು ಸಂಘಕ್ಕೆ ಪರವಾನಗಿ ಸಿಕ್ಕಿದೆ ಎಂಬ ಸುದ್ದಿ ಹೆಂಗಸರಿಗೆ ತಿಳಿದದ್ದು ಏಪ್ರಿಲ್ ಹತ್ತೊಂಬತ್ತರ ಬೆಳಿಗ್ಗೆ, ಎರಡು ಟ್ರ್ಯಾಕ್ಟರುಗಳು ಟ್ರಾಲಿ ಎಳೆದುಕೊಂಡು ಬನದೊಳಗೆ ಇಳಿದಾಗ. ಆಳುಗಳು ಗುಂಪಿಯ ಮೇಲಿನ ಕಲ್ಲು ತೆಗೆದು ಒಂದು ಕಡೆ ಒಗೆದು, ಕಟ್ಟಿಗೆಯನ್ನು ಟ್ರಾಲಿಗೆ ತುಂಬುತ್ತಿದ್ದರು. ನಾನು ಟ್ರಾಲಿಯ ಹತ್ತಿರ ನೋಟಬುಕ್ಕು ಹಿಡಿದು, ಎಷ್ಟು ಸಲ ತುಂಬಿ ಹೋಯಿತೆಂದು ಖೇಪು ಎಣಿಸುತ್ತಿದ್ದೆ. ಅದು ನನ್ನ ನೌಕರಿಯ ಮೊದಲ ದಿನ.

ಸುದ್ದಿ ಹರಡಿ ಮೂವತ್ತು ಮೂವತ್ತೈದು ಹೆಂಗಸರು ಬಂದರು. ಮುಂದೆ ಇದ್ದವಳು ನಮ್ಮ ಓಣಿಯ ಮುದುಕಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಚೇರಮನ್ನರು ಮೋಟಾರ್ ಸೈಕಲ್ಲಿನ ಮೇಲೆ ಕೂತೇ ಇದ್ದರು.

"ಅಣ್ಣಾರ, ಕಲ್ಲ ಕಾಣವಲ್ಲವೇನ್ರಿ ನಿಮಗ?" ಎಂದಳು ಆಯಿ.

"ಕಲ್ಲೂ ಕಾಣತಾವ ಆಯಿ, ಕಾಗದಾನೂ ಕಾಣತೈತಿ. ಯಾರಿಗೂ ಬ್ಯಾಡಾಗಿ ಬಿದ್ದದ್ದು ಅಂತ ಬರದೈತಿ. ನಾವೇನ ನಿಮ್ಮ ಹಿತ್ತಲದಾಗಿಂದು ಹೊತ್ತೀವೇನು?"

"ಯಾಂವ ಬರದಾಂವ ಅದನ್ನ? ಅವನ ಮನ್ಯಾಗ ಒಲಿ ಹಚ್ಚೂದಿಲ್ಲೇನ?"

ಚೇರಮನ್ನರು ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳೋ ತಮ್ಮಾ. ಸಹಿ ನಿಂದ ಅಲ್ಲೇನು?"

ಹೆಂಗಸರೆಲ್ಲ ನನ್ನನ್ನು ನೋಡಿದರು. ಅವರ ನಡುವೆ ಅವ್ವ ಇದ್ದಳು. ಆ ದಿನ ಬನದಲ್ಲಿ ಬಿದ್ದಿತ್ತು, ಬಿದ್ದದ್ದನ್ನು ಬರೆದೆ ಎಂದು ಏನೋ ಹೇಳಿದೆ.

ಆಯಿ ಅವ್ವನ ಕಡೆ ತಿರುಗಿ, "ಬಾಳ ಶಾಣ್ಯಾ ಅದಾನವಾ ನಿನ್ನ ಮಗಾ," ಎಂದಳು. "ನಾಳೆ ನೀ ಬಿಸಲಾಗ ಹಪ್ಪಳಾ ಹಾಕಿದ್ರ ಅದನ್ನೂ ಬಿದ್ದೈತಿ ಅಂತ ಬರಕೊಂಡ ಹೋದಾನು. ಸಂಭಾಳ್ಸಿಕೋ."

ಆ ಸಂಕಟದಲ್ಲಿಯೂ ಕೆಲವರು ನಕ್ಕರು. ಟ್ರಾಲಿ ತುಂಬುವ ಆಳುಗಳೂ ನಕ್ಕರು. ಅವ್ವ ನಗಲಿಲ್ಲ. ಆಳುಗಳು ಇನ್ನೂ ಮುಟ್ಟಿರದ ತನ್ನ ಗುಂಪಿಗಳ ಹತ್ತಿರ ಹೋಗಿ, ಒಂದೊಂದೇ ಬೀಸುಕಲ್ಲಿನ ಚೂರು ತೆಗೆದು ಸೆರಗಿಗೆ ಹಾಕಿಕೊಂಡಳು. ಒಂಬತ್ತು ಚೂರು. ಮರಳುವಾಗ ನನ್ನ ಹತ್ತಿರ ನಿಂತಳು.

"ಹ್ವಾದ ವರ್ಸ ನನ್ನ ಗುಂಪಿ ತೂಗಿದ್ಯೆಲ್ಲ, ಎಷ್ಟ ಬಂದಿತ್ತು?"

"ಮೂವತ್ತೊಂಬತ್ತ ಕಿಲೋ."

"ಕಲ್ಲ ಹಿಡದೋ, ಬಿಟ್ಟೋ?"

"ಬಿಟ್ಟು."

"ಚೊಲೋ ಮಾಡಿದಿ," ಎಂದು ಹೇಳಿ ಸೆರಗು ಎತ್ತಿ ಹಿಡಿದುಕೊಂಡು ನಡೆದಳು.

ಎರಡು ದಿನದಲ್ಲಿ ಇಪ್ಪತ್ತಾರು ಖೇಪು ಹೋದವು. ಹೆಂಗಸರು ಮರುದಿನ ಬರಲಿಲ್ಲ. ಪರವಾನಗಿಯ ಕಾಗದದ ಎದುರು ತೋರಿಸಲು ಅವರ ಹತ್ತಿರ ಕಲ್ಲಿನ ಹೊರತು ಏನೂ ಇರಲಿಲ್ಲ.

ಮೇ ಎಂಟರಂದು ಇಂಜಿನ್ ಗ್ಯಾಸಿನ ಮೇಲೆ ಓಡಿತು. ತೆಂಗಿನಕಾಯಿ ಒಡೆದರು, ಪೇಢೆ ಹಂಚಿದರು. ಹೊಗೆಯಿಂದ ನೀರು ಎತ್ತುವುದನ್ನು ನೋಡಲು ನೆರೆಯ ಅಲಖನೂರಿನಿಂದಲೂ ಜನ ಬಂದಿದ್ದರು. ನೀರು ಹರಿದದ್ದು ಪೈಪಿನ ಕೆಳಗಿನ ಕಬ್ಬಿಗೆ. ನಮ್ಮ ಎರಡು ಎಕರೆ ಪೈಪಿನ ಮೇಲ್ಬದಿಯ ಒಣಭೂಮಿ. ಅಲ್ಲಿಗೆ ಅದು ಏರುತ್ತಿರಲಿಲ್ಲ. ನಾನು ದಿನವೂ ಬರೆದೆ: ಎಷ್ಟು ತಾಸು ಓಡಿತು, ಎಷ್ಟು ಕಿಲೋ ಕಟ್ಟಿಗೆ, ಎಷ್ಟು ಲೀಟರು ಡೀಸೆಲ್ ಉಳಿಯಿತು. ಮೊದಲ ಹನ್ನೊಂದು ದಿನ ಅಂಕಿಗಳು ಬಹಳ ಚೆನ್ನಾಗಿವೆ. ಇಂಜಿನಿಯರು ಅವನ್ನು ನಕಲು ಮಾಡಿಕೊಂಡು ಹೋದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಣ ಜಾಲಿಯಿಂದ ಇಂಜಿನ್ ನಿಜವಾಗಿ ಓಡುತ್ತದೆ.

ಆದರೆ ಆ ಕಟ್ಟಿಗೆ ಒಣಗುವ ಮೊದಲೇ ಎತ್ತಿದ್ದು. ಬನದಲ್ಲಿ ಇನ್ನೂ ಒಂದೂವರೆ ತಿಂಗಳು ಗಾಳಿ ಬಿಸಿಲು ಉಣ್ಣಬೇಕಿದ್ದದ್ದನ್ನು ತಂದು ಸಂಘದ ತಗಡಿನ ಶೆಡ್ಡಿನಲ್ಲಿ ಮಾಡಿನವರೆಗೆ ಒತ್ತಿ ತುಂಬಿದ್ದರು. ಕೆಳಗೆ ಕೊರಡಿಲ್ಲ, ನಡುವೆ ಗಾಳಿಯಿಲ್ಲ. ಮೇಲಿನ ಪದರು ಮುಗಿದು ಒಳಗಿನದು ಬಂದಂತೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಹಸಿ ಕಟ್ಟಿಗೆಯ ಹೊಗೆಯಿಂದ ಡಾಂಬರಿನಂಥ ಕರಿ ಅಂಟು ಇಳಿದು ಪೈಪು ಕಟ್ಟತೊಡಗಿತು. ಒಂದು ತಾಸು ಓಡಿಸಿದರೆ ಎರಡು ತಾಸು ಪೈಪು ಬಿಚ್ಚಿ ಸೀಮೆಎಣ್ಣೆಯಿಂದ ತೊಳೆಯಬೇಕು. ಇಂಜಿನಿಯರು ಎರಡು ಸಲ ಬಂದು ಸರಿಮಾಡಿದರು. ಮೂರನೆಯ ಸಲ ಪತ್ರ ಬರೆದಾಗ ಅವರಿಗೆ ಬೇರೆ ಊರಿಗೆ ಬದಲಿಯಾಗಿತ್ತು. ಒಣಗಿಸುವುದು ಹೇಗೆಂದು ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಲು ಮುಖವಿರಲಿಲ್ಲ. ಅಕ್ಟೋಬರ್ ಮೂರಕ್ಕೆ ಡ್ರಮ್ಮಿನ ಪೈಪು ಕಳಚಿ ಇಂಜಿನ್ನನ್ನು ಮತ್ತೆ ಡೀಸೆಲ್ಲಿಗೆ ಹಚ್ಚಿದರು. ಗ್ಯಾಸಿನ ಮೇಲೆ ಅದು ಒಟ್ಟು ಓಡಿದ್ದು ತೊಂಬತ್ತೇಳು ತಾಸು. ನನ್ನ ನೌಕರಿಯೂ ಅಲ್ಲಿಗೆ ಮುಗಿಯಿತು.

ಮನೆಯ ಲೆಕ್ಕ ಬೇರೆ ಪುಟಗಳಲ್ಲಿದೆ. ಜೂನಿನವರೆಗೆ ಅವ್ವ ಹಳೆಯ ಕಟ್ಟಿಗೆಯ ಮೇಲೆ ನಡೆಸಿದಳು. ಆಮೇಲೆ ಸಗಣಿಯ ಕುಳ್ಳಿನ ಮೇಲೆ ಕಾಸಿದಳು; ಖವಾಕ್ಕೆ ಹೊಗೆಯ ವಾಸನೆ ಹತ್ತಿತು. ತೊಗರಿಕಟ್ಟಿಗೆ ಹಚ್ಚಿದಳು, ಕೆಂಡವೇ ನಿಲ್ಲಲಿಲ್ಲ. ಕೊನೆಗೆ ಕಬ್ಬಿನ ಒಣ ಸೋಗೆ, ನಾವು ರವದಿ ಎನ್ನುವುದು. ಅದು ಭಗ್ಗೆಂದು ಹತ್ತಿ ಭಗ್ಗೆಂದು ಆರುತ್ತದೆ. ಒಂದು ಕೈಯಲ್ಲಿ ಸೌಟು ತಿರುವುತ್ತ ಇನ್ನೊಂದು ಕೈಯಲ್ಲಿ ರವದಿ ತುರುಕುತ್ತ ಅವ್ವ ಎರಡೆರಡು ತಾಸು ಕೂರುತ್ತಿದ್ದಳು. ಅವಳ ಎಡಗೈಯ ಕೂದಲೆಲ್ಲ ಸುಟ್ಟು ಹೋಗಿತ್ತು. ಮಿಠಾಯಿ ಅಂಗಡಿಯವರು ಜುಲೈ ಇಪ್ಪತ್ತೆರಡರಂದು ಒಮ್ಮೆ, ಆಗಸ್ಟ್ ಒಂಬತ್ತರಂದು ಇನ್ನೊಮ್ಮೆ ಖವಾ ಮರಳಿ ಕಳಿಸಿದರು. ಮೂರನೆಯ ಸಲ ಬೇಡವೇ ಬೇಡ ಎಂದರು. ಓಣಿಯವರು ತಮ್ಮ ಹಾಲನ್ನು ಡೇರಿಯ ಗಾಡಿಗೆ ಹಾಕತೊಡಗಿದರು. ದೀಪಾವಳಿ ಮುಗಿದ ವಾರ ದೊಡ್ಡ ಎಮ್ಮೆಯನ್ನು ಮಾರಿದೆವು. ಕಡಾಯಿಯನ್ನು ಅವ್ವ ತಿಕ್ಕಿ ತೊಳೆದು, ಎಣ್ಣೆ ಸವರಿ, ಅಟ್ಟದ ಮೇಲೆ ಮಗುಚಿ ಇಟ್ಟಳು. ನನ್ನ ಮೇಲೆ ಒಂದು ದಿನವೂ ದನಿ ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾದರೂ ಸಮರ್ಥನೆ ಹೇಳಬಹುದಿತ್ತು.

೧೯೯೦ರ ಮೇ ತಿಂಗಳ ಕೊನೆಗೆ ಸಂಘದವರಿಗೆ ಗೊಬ್ಬರದ ಚೀಲ ಇಡಲು ಶೆಡ್ಡು ಬೇಕಾಯಿತು. ಒಳಗೆ ಉಳಿದ ಕಟ್ಟಿಗೆ ಅರ್ಧಕ್ಕರ್ಧ ಗೆದ್ದಲು ಹಿಡಿದಿತ್ತು. ಬೇಕಾದವರು ಒಯ್ಯಿರಿ ಎಂದು ಡಂಗುರ ಹೊಡೆಸಿದರು. ಬನದ ಪರವಾನಗಿ ಮಾತ್ರ ಸಂಘದ ಹತ್ತಿರವೇ ಉಳಿದಿತ್ತು. ಆ ವರ್ಷದ ಟೊಂಗೆಯನ್ನೆಲ್ಲ ಅವರು ಒಂದು ಇಟ್ಟಿಗೆ ಭಟ್ಟಿಗೆ ಹಾಕಿದ್ದರು.

ಕೆಲವು ಹೆಂಗಸರು ಹೋಗಿ ಆರಿಸಿಕೊಂಡು ಬಂದರು. ಅವ್ವ ಹೋಗಲಿಲ್ಲ. ನಾನು ಹೋದೆ. ಗೆದ್ದಲು ಮುಟ್ಟದ, ಗಟ್ಟಿಯಾದ ಟೊಂಗೆಗಳನ್ನೇ ಆರಿಸಿ, ಕೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು ಒಂದು ಹೊರೆ ಕಟ್ಟಿ, ಜೀವನದಲ್ಲಿ ಮೊದಲ ಸಲ ಸಿಂಬಿ ಇಟ್ಟುಕೊಂಡು ತಲೆಯ ಮೇಲೆ ಹೊತ್ತು ತಂದೆ. ಅವ್ವ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹೊರೆಯನ್ನು ನೋಡಿದಳು.

"ಯಾರ ಗುಂಪೀದಪಾ ಇದು?"

"ಎಲ್ಲಾ ಕೂಡಿ ಹೋಗ್ಯಾವ ಯವ್ವಾ. ಈಗ ಯಾರದೂ ಅಲ್ಲ."

"ಹಂಗನಬ್ಯಾಡ," ಎಂದಳು. "ಸವರಿದಾಕಿ ಒಬ್ಬಾಕಿ ಇರತಾಳ. ಕೇಳಿ ಬಾ, ಹೋಗು. ಹೂಂ ಅಂದ್ರ ಒಳಗ ತಾ."

ಹೊರೆ ಇಳಿಸದೆ ತಿರುಗಿದೆ. ಏಳು ಮನೆಗೆ ಹೋದೆ. ಸುಣ್ಣದ ಕಲ್ಲಿನಾಕೆ ಟೊಂಗೆ ಎಳೆದು ನೋಡಿ, ತನ್ನ ಕುಡಗೋಲಿನ ಕಡಿತವಲ್ಲ ಎಂದಳು. ಉಳಿದವರೂ ಹಾಗೆಯೇ. ಯಾರೂ ಸಿಟ್ಟು ಮಾಡಲಿಲ್ಲ. ನಿಜವಾಗಿ ನೋಡಿ, ನಿಜವಾಗಿ ನೆನಪು ಮಾಡಿಕೊಂಡು, ನನ್ನದಲ್ಲ ಎಂದರು. ಆಯಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಇದು ಅವಳದೇ ಇರಬಹುದು ಎಂದು ಅವಳ ಸೊಸೆ ಅಂದಳು, ಆದರೆ ಇಳಿಸು ಎನ್ನಲಿಲ್ಲ. ಕತ್ತಲಾಗುವ ಮೊದಲು ಮರಳಿ ಬಂದು ಹೊರೆಯನ್ನು ಗೋಡೆಯ ಹೊರಗೆ ಇಳಿಸಿದೆ. ಅವ್ವ ಒಳಗೆ ರವದಿ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಒಂದು ಬದಿಗೆ ಸೀದಿತ್ತು, ಇನ್ನೊಂದು ಬದಿಗೆ ಹಸಿ. ಅವಳು ಮುಂದೆ ಇಟ್ಟಳು, ನಾನು ತಿಂದೆ.